ಚಳಿ ಬಂದಾಗ ಕೆಲಸಕ್ಕಿಳಿಯುವ ಬ್ಯಾಕ್ಟೀರಿಯಾ

ಬಯೋಟೆಕ್ನಾಲಜಿಯಲ್ಲಿ ಬಿಇ ಓದುವವರ ಬೆನ್ನು ಬಿಡದ ಪ್ರಶ್ನೆಯೊಂದಿದೆ: ‘ಯಾಕೆ, ಕಂಪ್ಯೂಟರ್ ಸೈನ್ಸ್ ಸಿಗ್ಲಿಲ್ವಾ?’ ಮದುವೆ ಮನೆ, ಬಸ್ ಸ್ಟ್ಯಾಂಡ್, ರೇಷನ್ ಅಂಗಡಿಯ ಕ್ಯೂ, ಎಲ್ಲಿ ಹೋದರೂ ಇದೇ. ಈಗ ಆರನೇ ಸೆಮಿಸ್ಟರ್. ಉತ್ತರ ಹುಡುಕುವುದನ್ನು ಬಿಟ್ಟಿದ್ದೇನೆ. ಆದರೆ ಕಳೆದ ಸೆಮಿಸ್ಟರ್‌ನಲ್ಲಿ ನಾನೇ ಮಾಡಿಕೊಂಡ ಒಂದು ತಪ್ಪು ನನ್ನನ್ನು ಕುಂದಾಪುರದ ಮೀನು ಮಾರುಕಟ್ಟೆಯಿಂದ ನಾರ್ವೆಯ ಕಡಲಿನವರೆಗೆ ಕರೆದುಕೊಂಡು ಹೋಯಿತು (ಓದಿನಲ್ಲಿ ಮಾತ್ರ, ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ). ಆ ಕತೆ ಹೇಳುತ್ತೇನೆ.

ಅಮ್ಮ ಮೀನು ಮಾರುತ್ತಾಳೆ. ಮನೆಯ ಹಿಂದೆ ಎರಡು ಥರ್ಮಾಕೋಲ್ ಪೆಟ್ಟಿಗೆಗಳಿವೆ. ಬೆಳಿಗ್ಗೆ ಉಳಿದ ಬಂಗುಡೆ, ಬೂತಾಯಿಗಳನ್ನು ಐಸ್ ಹಾಕಿ ಅದರಲ್ಲಿ ಮುಚ್ಚಿಡುವುದು ರೂಢಿ. ಮಿನಿ ಪ್ರಾಜೆಕ್ಟಿಗೆ ವಿಷಯ ಕೇಳಿದಾಗ ನನಗೆ ಹೊಳೆದದ್ದು ಇದೇ ಪೆಟ್ಟಿಗೆ: ‘ಐಸ್ ಕರಗಿದ ನೀರಿನಲ್ಲಿ ಬ್ಯಾಕ್ಟೀರಿಯಾ ಎಷ್ಟಿರುತ್ತವೆ?’ ನೀರನ್ನು ಶುದ್ಧ ಬಾಟಲಿಯಲ್ಲಿ ತಂದೆ, ತೆಳು ಮಾಡಿದೆ, ಅಗರ್ ಪ್ಲೇಟಿನ ಮೇಲೆ ಹರಡಿದೆ, 37 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ 24 ಗಂಟೆ ಇಟ್ಟೆ. ಮರುದಿನ ನೋಡಿದರೆ ಅಲ್ಲೊಂದು ಇಲ್ಲೊಂದು ಕಾಲೊನಿ. ‘ಬ್ಯಾಕ್ಟೀರಿಯಾ ಪ್ರಮಾಣ ಅತ್ಯಂತ ಕಡಿಮೆ’ ಎಂದು ವರದಿಯಲ್ಲಿ ಬರೆದೆ. ಭಾನುವಾರ ಮನೆಗೆ ಹೋದಾಗ ಅಮ್ಮನಿಗೂ ಹೆಮ್ಮೆಯಿಂದ ಹೇಳಿದೆ: ಪೆಟ್ಟಿಗೆ ನೀರಿನಲ್ಲಿ ಏನೂ ಇಲ್ಲ, ಲ್ಯಾಬಿನಲ್ಲಿ ಪರೀಕ್ಷೆ ಮಾಡಿಯಾಗಿದೆ.

ಅಮ್ಮ ಪೆಟ್ಟಿಗೆಯ ಮುಚ್ಚಳ ತೆಗೆದು ನೀರನ್ನು ತೆಂಗಿನ ಬುಡಕ್ಕೆ ಚೆಲ್ಲುತ್ತಾ ಹೇಳಿದಳು: ‘ನಾಲ್ಕ್ ದಿನದ್ ನೀರದ್ ಮಗಾ. ಮೂಗ್ ಇತ್ತಲ್ದಾ ನಿಂಗೆ?’

ಮೂಗು ಇತ್ತು. ಆದರೆ ನನಗೆ ಇನ್‌ಕ್ಯುಬೇಟರ್ ಮೇಲೆ ನಂಬಿಕೆ ಜಾಸ್ತಿ.

ಇದಾಗಿ ಎರಡು ವಾರ ಕಳೆದಿರಬೇಕು. ಇಂಟರ್ನಲ್ಸ್ ಮುಗಿಸಿ ಲ್ಯಾಬಿಗೆ ಹೋದರೆ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ನನ್ನ ಹೆಸರು ಬರೆದ ಎರಡು ಪ್ಲೇಟುಗಳು ಸಿಕ್ಕವು. ಅದೇ ದಿನ, ಅದೇ ನೀರು ಹರಡಿದ ಪ್ಲೇಟುಗಳು. ಇನ್‌ಕ್ಯುಬೇಟರ್‌ನಲ್ಲಿ ಜಾಗ ಇರಲಿಲ್ಲವೆಂದು ‘ಆಮೇಲೆ ನೋಡೋಣ’ ಎಂದು ಫ್ರಿಜ್‌ಗೆ ತಳ್ಳಿ ಮರೆತಿದ್ದೆ. ನಾಲ್ಕು ಡಿಗ್ರಿಯಲ್ಲಿ ಕೂತಿದ್ದ ಆ ಪ್ಲೇಟುಗಳ ಮೇಲೆ ಅಗರ್ ಕಾಣದಷ್ಟು ಕಾಲೊನಿಗಳು. ಎಣಿಸಲು ಹೋಗಿ ಕೈಬಿಟ್ಟೆ.

ಬ್ಯಾಕ್ಟೀರಿಯಾ ಅಲ್ಲೇ ಇದ್ದವು. ಅವುಗಳನ್ನು ಐಸ್ ಪೆಟ್ಟಿಗೆಯಿಂದ ತೆಗೆದು ನೇರ 37 ಡಿಗ್ರಿಯ ಒಲೆಯೊಳಗೆ ಹಾಕಿ, ‘ಯಾಕೆ ಬೆಳೆಯುತ್ತಿಲ್ಲ, ಹಾಗಾದರೆ ಇಲ್ಲ’ ಎಂದು ತೀರ್ಮಾನಿಸಿದ್ದು ನಾನು. 37 ಎನ್ನುವುದು ಮನುಷ್ಯನ ಮೈಬಿಸಿ. ವೈದ್ಯಕೀಯ ಲ್ಯಾಬಿನಿಂದ ನಮ್ಮೆಲ್ಲರ ಕೈಗೆ ಅಂಟಿಕೊಂಡ ಅಭ್ಯಾಸ. ಗೈಡ್ ಮೇಡಂ ಪ್ಲೇಟು ನೋಡಿ ಬೈಯಲಿಲ್ಲ. ‘ಸೆಮಿನಾರ್‌ಗೆ ಇದನ್ನೇ ತಗೋ. ಚಳಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅಂದರೆ ನಾರ್ವೆಯ ಸಾಲ್ಮನ್ ಕತೆ ಓದು’ ಅಂದರು. ಓದಿದೆ. ಒಂದು ತಿಂಗಳು ಬೇರೇನೂ ಓದಲಿಲ್ಲ, ಅದರ ಪರಿಣಾಮ ಹೀಟ್ ಟ್ರಾನ್ಸ್‌ಫರ್ ಪೇಪರಿನಲ್ಲಿ ಕಾಣಿಸಿತು, ಅದು ಬೇರೆ ಮಾತು.

ಹಿಟ್ರಾ ದ್ವೀಪದ ಕಾಯಿಲೆ

ನಾರ್ವೆಯ ಮಧ್ಯಭಾಗದಲ್ಲಿ, ಟ್ರೋನ್‌ಹೈಮ್ ಊರಿನ ಪಶ್ಚಿಮದ ಕರಾವಳಿಯಲ್ಲಿ ಹಿಟ್ರಾ ಎಂಬ ದ್ವೀಪವಿದೆ. 1970ರಲ್ಲಿ ಅಲ್ಲಿನ ಗ್ರೊಂಟ್‌ವೆಟ್ ಸಹೋದರರು ಕಡಲಲ್ಲೇ ಬಲೆಯ ಪಂಜರ ತೇಲಿಬಿಟ್ಟು ಸಾಲ್ಮನ್ ಮರಿಗಳನ್ನು ಸಾಕಿದರು. ಇಂದು ವರ್ಷಕ್ಕೆ ಹತ್ತು ಲಕ್ಷ ಟನ್‌ಗೂ ಹೆಚ್ಚು ಸಾಲ್ಮನ್ ಬೆಳೆಯುವ ನಾರ್ವೆಯ ಉದ್ಯಮ ಬೇರುಬಿಟ್ಟದ್ದು ಅಲ್ಲಿಂದ. ವಿಚಿತ್ರವೆಂದರೆ, ಅದೇ ದ್ವೀಪದ ಹೆಸರು ಹತ್ತು ವರ್ಷವೂ ತುಂಬುವ ಮೊದಲೇ ಒಂದು ಕಾಯಿಲೆಗೂ ಅಂಟಿಕೊಂಡಿತು. ‘ಹಿಟ್ರಾ ರೋಗ’.

1970ರ ದಶಕದ ಕೊನೆಯಲ್ಲಿ ಆ ಭಾಗದ ಪಂಜರಗಳಲ್ಲಿ ಮೀನುಗಳು ಸಾಯತೊಡಗಿದವು. ಮೈಮೇಲೂ ಒಳಗಿನ ಅಂಗಾಂಗಗಳಲ್ಲೂ ರಕ್ತಸ್ರಾವದ ಕಲೆಗಳು, ರಕ್ತಹೀನತೆಯಿಂದ ಬಿಳಿಚಿದ ಕಿವಿರುಗಳು. ಸಾವು ಹೆಚ್ಚುತ್ತಿದ್ದದ್ದು ಬೇಸಿಗೆಯಲ್ಲಲ್ಲ. ಶರತ್ಕಾಲ ಮುಗಿದು ನೀರು ಹತ್ತು ಡಿಗ್ರಿಗಿಂತ ಕೆಳಗಿಳಿದ ಮೇಲೆ ಶುರು, ವಸಂತ ಬರುವವರೆಗೆ ಮುಂದುವರಿಕೆ. ನಮ್ಮಲ್ಲಿ ಬೇಸಿಗೆ, ಮಳೆಗಾಲ ಅಂದರೆ ರೋಗ. ಚಳಿ ಅಂದರೆ ಸ್ವಲ್ಪ ಆರಾಮ ಎಂಬ ಎಣಿಕೆ ಇದೆ. ಅಲ್ಲಿ ಪೂರ್ತಿ ಉಲ್ಟಾ. ಮೊದಮೊದಲು ಆಹಾರದಲ್ಲಿ ಏನೋ ಕೊರತೆ, ಬಹುಶಃ ವಿಟಮಿನ್ ಇ ಸಾಲುತ್ತಿಲ್ಲ ಎಂದು ಶಂಕಿಸಿದವರೂ ಇದ್ದರು. ಇನ್ನೊಂದು ಕಡೆ ಎಮ್ಮಿ ಎಗಿಡಿಯಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಸತ್ತ ಮೀನುಗಳಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, 1986ರಲ್ಲಿ ಅದಕ್ಕೆ ‘ವಿಬ್ರಿಯೊ ಸಾಲ್ಮೊನಿಸಿಡಾ’ ಎಂದು ಹೆಸರಿಟ್ಟರು. ಸಾಲ್ಮನ್ ಕೊಲ್ಲುವ ವಿಬ್ರಿಯೊ ಎಂದರ್ಥ. 2007ರಲ್ಲಿ ಅದರ ಕುಲ ಬದಲಾಗಿ ‘ಅಲಿವಿಬ್ರಿಯೊ ಸಾಲ್ಮೊನಿಸಿಡಾ’ ಆಯಿತು. ರೋಗಕ್ಕೆ ಈಗಿನ ಹೆಸರು ತಣ್ಣೀರಿನ ವಿಬ್ರಿಯೋಸಿಸ್.

ವಿಬ್ರಿಯೊ ಎಂದರೆ ನಿಮಗೆ ಕಾಲರಾ ನೆನಪಾಗಿರಬಹುದು. ಸರಿಯಾಗಿಯೇ ನೆನಪಾಗಿದೆ, ಇವೆರಡೂ ಒಂದೇ ಕುಟುಂಬ. ಕಾಲರಾದ ವಿಬ್ರಿಯೊ ನಮ್ಮ ಕರುಳಿನ 37 ಡಿಗ್ರಿಯಲ್ಲಿ ಹಾಯಾಗಿರುತ್ತದೆ. ಸಾಲ್ಮೊನಿಸಿಡಾಕ್ಕೆ ಲ್ಯಾಬಿನಲ್ಲಿ ಬೇಕಿರುವುದು 12ರಿಂದ 15 ಡಿಗ್ರಿ. 25ರ ಆಚೆ ಅದು ಬೆಳೆಯುವುದೇ ಇಲ್ಲ. ಹಾಗಾಗಿ ಮನುಷ್ಯನ ಮೈಯೊಳಗೆ ಅದಕ್ಕೆ ಬದುಕಿಲ್ಲ. ಒಂದೇ ಕುಟುಂಬದ ಇಬ್ಬರಲ್ಲಿ ಒಬ್ಬರಿಗೆ ಕರುಳಿನ ಬಿಸಿ, ಇನ್ನೊಬ್ಬರಿಗೆ ಐಸ್ ನೀರು. ನಡುವೆ ಬದಲಾದದ್ದೇನು? ನನ್ನ ಸೆಮಿನಾರ್ ಪೂರ್ತಿ ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತಿತು.

ತೆಂಗಿನೆಣ್ಣೆ ಮತ್ತು ಇಯರ್‌ಫೋನ್

ಪಿಯುಸಿ ಕೆಮಿಸ್ಟ್ರಿಯ ಅರೇನಿಯಸ್ ಸಮೀಕರಣ ನೆನಪಿದೆಯೇ? ಉಷ್ಣತೆ ಹತ್ತು ಡಿಗ್ರಿ ಇಳಿದರೆ ರಾಸಾಯನಿಕ ಕ್ರಿಯೆಯ ವೇಗ ಸ್ಥೂಲವಾಗಿ ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಯುತ್ತದೆ. 37ರಿಂದ 7 ಡಿಗ್ರಿಗೆ ಬಂದರೆ ಇಂಥ ಮೂರು ಮೆಟ್ಟಿಲು ಇಳಿದಂತೆ. ಅಂದರೆ ಎಂಟರಿಂದ 27 ಪಟ್ಟು ನಿಧಾನ. ಒಂದು ಗಂಟೆಯಲ್ಲಿ ಆಗುವ ಕೆಲಸಕ್ಕೆ ಒಂದು ಹಗಲು, ಇಲ್ಲವೇ ಒಂದು ಇಡೀ ದಿನ. ಬ್ಯಾಕ್ಟೀರಿಯಾಕ್ಕೆ ಸ್ವೆಟರ್ ಇಲ್ಲ, ಮೈ ಬಿಸಿ ಮಾಡಿಕೊಳ್ಳುವ ಉಪಾಯವೂ ಇಲ್ಲ. ಹೊರಗೆಷ್ಟೋ ಒಳಗೂ ಅಷ್ಟೇ. ಹಾಗಾಗಿ ಅದು ಬದಲಾಯಿಸಬೇಕಾದದ್ದು ತನ್ನ ಬಿಡಿಭಾಗಗಳನ್ನೇ.

ಮೊದಲನೆಯದು ಜೀವಕೋಶದ ಪೊರೆ. ಹಾಸ್ಟೆಲಿನಲ್ಲಿ ಡಿಸೆಂಬರ್ ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿ ತಲೆಕೆಳಗು ಮಾಡಿ ಕುಟ್ಟಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಪಕ್ಕದ ಮೆಸ್ಸಿನ ಶೇಂಗಾ ಎಣ್ಣೆ ಅದೇ ಚಳಿಯಲ್ಲಿ ಹರಿಯುತ್ತಿರುತ್ತದೆ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚಿನವು ಸರಳ ರೇಖೆಯ ಸರಪಳಿಗಳು, ಬೆಂಕಿಪೊಟ್ಟಣದ ಕಡ್ಡಿಗಳಂತೆ ಒತ್ತೊತ್ತಾಗಿ ಜೋಡಿಸಿಕೊಂಡು ಗಟ್ಟಿಯಾಗುತ್ತವೆ. ಶೇಂಗಾ ಎಣ್ಣೆಯವುಗಳಲ್ಲಿ ದ್ವಿಬಂಧವಿರುವ ಕಡೆ ಸರಪಳಿ ಬಾಗಿರುತ್ತದೆ; ಬಾಗಿದ ಕಡ್ಡಿಗಳನ್ನು ಒತ್ತಾಗಿ ಜೋಡಿಸಲಾಗದು. ಬ್ಯಾಕ್ಟೀರಿಯಾದ ಪೊರೆಯೂ ಕೊಬ್ಬಿನದೇ. ಅದು ಹೆಪ್ಪುಗಟ್ಟಿದರೆ ಆಹಾರ ಒಳಗೆ ಬರದು, ಕಸ ಹೊರಗೆ ಹೋಗದು. ಹಾಗಾಗಿ ಚಳಿ ಹೆಚ್ಚಿದಂತೆ ಬ್ಯಾಕ್ಟೀರಿಯಾಗಳು ತಮ್ಮ ಪೊರೆಯಲ್ಲಿ ಬಾಗಿದ ಸರಪಳಿಗಳ ಪಾಲು ಹೆಚ್ಚಿಸುತ್ತವೆ. ನಮ್ಮ ಹೊಟ್ಟೆಯ ಇ. ಕೊಲೈ ಕೂಡ ಅಷ್ಟಿಷ್ಟು ಮಾಡಬಲ್ಲದು. ತಣ್ಣನೆಯ ಕಡಲಿನವು ಇದರಲ್ಲಿ ಪಳಗಿದವು. ಮೊರಿಟೆಲ್ಲಾ ಎಂಬ ಕುಲದ ಒಂದು ಬ್ಯಾಕ್ಟೀರಿಯಾ ತನ್ನ ಪೊರೆಗಾಗಿ ಆರು ದ್ವಿಬಂಧಗಳಿರುವ ಡಿಎಚ್‌ಎಯನ್ನು ತಾನೇ ತಯಾರಿಸುತ್ತದೆ. ಹೌದು, ಮೆಡಿಕಲ್ ಶಾಪಿನಲ್ಲಿ ಒಮೆಗಾ-3 ಕ್ಯಾಪ್ಸೂಲ್ ಎಂದು ಮಾರುವುದರಲ್ಲಿರುವ ಅದೇ ಡಿಎಚ್‌ಎ. ಅದೇ ಕುಲದ ಇನ್ನೊಂದು ಸದಸ್ಯ, ಮೊರಿಟೆಲ್ಲಾ ವಿಸ್ಕೋಸಾ, ಸಾಲ್ಮನ್‌ಗಳ ಚರ್ಮದಲ್ಲಿ ಹುಣ್ಣು ತರುತ್ತದೆ. ಆ ರೋಗದ ಹೆಸರೇ ‘ಚಳಿಗಾಲದ ಹುಣ್ಣು’.

ಎರಡನೆಯದು ಆರ್‌ಎನ್‌ಎ. ಪ್ರೋಟೀನ್ ಕಟ್ಟಬೇಕಾದರೆ ಆರ್‌ಎನ್‌ಎ ಎಳೆ ಬಿಡಿಬಿಡಿಯಾಗಿ ರೈಬೋಸೋಮ್ ಒಳಗೆ ಸಾಗಬೇಕು. ಚಳಿಯಲ್ಲಿ ಅದು ತನಗೆ ತಾನೇ ಸುತ್ತಿಕೊಂಡು ಗಂಟಾಗುತ್ತದೆ, ಜೇಬಿನಲ್ಲಿಟ್ಟ ಇಯರ್‌ಫೋನ್ ತಂತಿಯ ಹಾಗೆ. ಅದನ್ನು ಬಿಡಿಸಿಡುವುದಕ್ಕೆಂದೇ ಸಣ್ಣ ಪ್ರೋಟೀನುಗಳಿವೆ, ಕೋಲ್ಡ್ ಶಾಕ್ ಪ್ರೋಟೀನ್ ಎನ್ನುತ್ತಾರೆ. ಇದು ಬಹುತೇಕ ಎಲ್ಲ ಬ್ಯಾಕ್ಟೀರಿಯಾಗಳಿಗೂ ಬೇಕಾದ ಸಲಕರಣೆ, ಹೆಚ್ಚು ಹೇಳುವುದಿಲ್ಲ.

ಮೂರನೆಯದು ಕಿಣ್ವಗಳು. ಸೆಮಿನಾರಿನಲ್ಲಿ ನನಗೆ ಅತ್ಯಂತ ಇಷ್ಟವಾದ ಸ್ಲೈಡ್ ಇದೇ. ಫಸ್ಟ್ ಇಯರ್ ಮೆಕ್ಯಾನಿಕಲ್ ಪೇಪರಿನಲ್ಲಿ ಬೇರಿಂಗ್ ಪಾಠ ಓದಿದ್ದೆವಲ್ಲ: ಬಿಗಿ ಹೆಚ್ಚಾದರೆ ತಿರುಗುವುದಿಲ್ಲ, ಸಡಿಲ ಹೆಚ್ಚಾದರೆ ಉಳಿಯುವುದಿಲ್ಲ. ಕಿಣ್ವವೂ ಕೆಲಸ ಮಾಡುವಾಗ ಸ್ವಲ್ಪ ಬಾಗಿ ಬಳುಕಬೇಕು. ಬಿಸಿಯಲ್ಲಿ ಬಾಳುವ ಕಿಣ್ವ ಒಳಗಿನ ಬಂಧಗಳಿಂದ ಬಿಗಿಯಾಗಿರುತ್ತದೆ, ಇಲ್ಲದಿದ್ದರೆ ಬಿಚ್ಚಿಕೊಂಡುಬಿಡುತ್ತದೆ. ಅದನ್ನೇ ಐಸ್ ನೀರಿಗೆ ತಂದರೆ ಮರಗಟ್ಟಿ ಕೂರುತ್ತದೆ. ಚಳಿಯ ಕಿಣ್ವ ಸಡಿಲ ಕಟ್ಟಿನದು. ಕಡಿಮೆ ಬಿಸಿಯಲ್ಲೂ ಬಳುಕುತ್ತದೆ, ಆದರೆ ಸ್ವಲ್ಪ ಕಾಯಿಸಿದರೆ ಕೆಟ್ಟುಹೋಗುತ್ತದೆ. ನಾರ್ವೆಯ ಉತ್ತರ ತುದಿಯ ಟ್ರೊಮ್ಸೊ ವಿಶ್ವವಿದ್ಯಾಲಯದವರು ಇದಕ್ಕೆ ಒಳ್ಳೆಯ ಹೋಲಿಕೆಯೊಂದನ್ನು ಮಾಡಿದ್ದಾರೆ. ಡಿಎನ್‌ಎ ಕತ್ತರಿಸುವ ಒಂದೇ ಬಗೆಯ ಕಿಣ್ವವನ್ನು ಕಾಲರಾದ ವಿಬ್ರಿಯೊದಿಂದಲೂ ಸಾಲ್ಮೊನಿಸಿಡಾದಿಂದಲೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿದರು. ಸಾಲ್ಮೊನಿಸಿಡಾದ್ದು ತಣ್ಣಗಿರುವಾಗ ಚುರುಕು, ಕಡಲಿನ ಉಪ್ಪಿನಲ್ಲಿ ಸಲೀಸು, ಕಾಯಿಸಿದರೆ ಬೇಗ ಹಾಳು. ಕುಟುಂಬ ಒಂದೇ, ಕೆಲಸ ಒಂದೇ, ಅಳವಡಿಕೆ ಬೇರೆ.

ಇಲ್ಲಿ ಉದ್ಯೋಗ ಹುಡುಕುತ್ತಿರುವವರಿಗೆ ಒಂದು ಮಾತು. ‘ಬೇಗ ಹಾಳಾಗುವುದು’ ಎಂಬ ಈ ದೌರ್ಬಲ್ಯವೇ ಮಾರಾಟದ ಸರಕಾಗಿದೆ. ಪಿಸಿಆರ್ ಮಾಡುವಾಗ ಒಂದು ಹಂತದಲ್ಲಿ ಕಿಣ್ವ ಬೇಕು, ಮುಂದಿನ ಹಂತದಲ್ಲಿ ಅದು ಇರಬಾರದು. ಕಾಯಿಸಿದರೆ ಸಾಯುವ ಕಿಣ್ವವಾದರೆ ಬೇರೆ ತೊಳೆಯುವ ಕೆಲಸವೇ ಇಲ್ಲ. ಉತ್ತರದ ತಣ್ಣೀರಿನ ಸಿಗಡಿಯಿಂದ, ಕಾಡ್ ಮೀನಿನಿಂದ ಪಡೆದ ಇಂಥ ಕಿಣ್ವಗಳನ್ನು ಟ್ರೊಮ್ಸೊದ ಕಂಪನಿಯೇ ಜಗತ್ತಿಗೆ ಮಾರುತ್ತದೆ. ಬಿಸಿ ಮಾಡದ ನೀರಿನಲ್ಲೇ ಕಲೆ ತೆಗೆಯುವ ಡಿಟರ್ಜೆಂಟಿನ ಹಿಂದೆಯೂ ಇದೇ ಲೆಕ್ಕಾಚಾರ ಇದೆ. ಕ್ಯಾಂಪಸ್‌ಗೆ ಇಂಥ ಕಂಪನಿಗಳು ಬರುತ್ತವೆಯೇ ಎಂದು ಕೇಳಬೇಡಿ. ನಮ್ಮ ಕಾಲೇಜಿಗೆ ಬರುವುದು ಸಾಫ್ಟ್‌ವೇರ್‌ನವರು, ಬಯೋಟೆಕ್‌ನವರನ್ನೂ ಅವರೇ ಕರೆದೊಯ್ಯುತ್ತಾರೆ.

ಚಳಿಯೇ ಸ್ವಿಚ್

ಇಷ್ಟರವರೆಗೆ ಹೇಳಿದ್ದು ಬದುಕಿ ಉಳಿಯುವ ವಿದ್ಯೆ. ಆದರೆ ಬದುಕುವುದು ಬೇರೆ, ಕೊಲ್ಲುವುದು ಬೇರೆ. ಸಾಲ್ಮೊನಿಸಿಡಾ 15 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ ಅಂದೆನಲ್ಲ. ಹಾಗಿದ್ದರೆ ರೋಗವೂ ಆಗಲೇ ಜೋರಾಗಬೇಕಿತ್ತು. ಯಾಕೆ ಹತ್ತು ಡಿಗ್ರಿಗಿಂತ ಕೆಳಗಿಳಿದ ಮೇಲೆ ಮಾತ್ರ? ಇದು ನನ್ನನ್ನು ಬಹಳ ಕಾಡಿತು.

ಉತ್ತರದ ಒಂದು ದೊಡ್ಡ ತುಂಡು ಕಬ್ಬಿಣದಲ್ಲಿದೆ. ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣ ಬೇಕೇ ಬೇಕು. ಮೀನಿನ ರಕ್ತದಲ್ಲಿ ಕಬ್ಬಿಣವಿದೆ, ಆದರೆ ಬಿಡಿಯಾಗಿ ಸಿಗುವುದಿಲ್ಲ. ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಅದನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಮನುಷ್ಯನಲ್ಲೂ ಹೀಗೇ. ಅತಿಥಿ ಬಂದಾಗ ಡಬ್ಬಿಗೆ ಬೀಗ ಹಾಕಿಟ್ಟ ಹಾಗೆ. ಇದಕ್ಕೆ ರೋಗಾಣುಗಳ ಪ್ರತಿತಂತ್ರ ಸಿಡೆರೊಫೋರ್. ಇದೊಂದು ಸಣ್ಣ ಅಣು. ಬ್ಯಾಕ್ಟೀರಿಯಾ ಅದನ್ನು ಹೊರಗೆ ಬಿಡುತ್ತದೆ, ಅದು ಕಬ್ಬಿಣವನ್ನು ಕಸಿದುಕೊಳ್ಳುತ್ತದೆ, ಬ್ಯಾಕ್ಟೀರಿಯಾ ಅದನ್ನು ವಾಪಸ್ ಒಳಗೆಳೆದುಕೊಳ್ಳುತ್ತದೆ. ಸಾಲ್ಮೊನಿಸಿಡಾದ ಸಿಡೆರೊಫೋರ್ ಹೆಸರು ಬೈಸುಕಾಬೆರಿನ್. ನಾರ್ವೆಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ: ಈ ಬ್ಯಾಕ್ಟೀರಿಯಾ ಸಿಡೆರೊಫೋರನ್ನು ಗಣನೀಯ ಪ್ರಮಾಣದಲ್ಲಿ ತಯಾರಿಸುವುದು ಹತ್ತು ಡಿಗ್ರಿ ಮತ್ತು ಅದರ ಕೆಳಗಿನ ಉಷ್ಣತೆಯಲ್ಲಿ ಮಾತ್ರ. ರೋಗ ಕಾಣಿಸುವ ಉಷ್ಣತೆಯೂ ಅದೇ.

ಪ್ರೋಗ್ರಾಮಿಂಗ್ ಗೊತ್ತಿರುವವರಿಗೆ ಹೇಳುವುದಾದರೆ, ಇದೊಂದು ‘ಇಫ್’ ಸಾಲು. ನೀರು ಹತ್ತಕ್ಕಿಂತ ಕೆಳಗಿದ್ದರೆ ಕಬ್ಬಿಣ ಕದಿಯುವ ಯಂತ್ರ ಚಾಲೂ.

ಇದನ್ನು ನಮ್ಮ ರೋಗಾಣುಗಳ ಜೊತೆ ಹೋಲಿಸಿ ನೋಡಿ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನಲ್ಲಿಟ್ಟ ಆಹಾರದಲ್ಲೂ ಬೆಳೆಯುತ್ತದೆ, ಆದರೆ ಅದರ ರೋಗಕಾರಕ ಜೀನ್‌ಗಳು ಎಚ್ಚರಾಗುವುದು 37 ಡಿಗ್ರಿಯಲ್ಲಿ. ಅದಕ್ಕೆ ಬಿಸಿ ಎಂದರೆ ‘ಮನುಷ್ಯನೊಳಗೆ ಬಂದೆ’ ಎಂಬ ಸೂಚನೆ. ಸಾಲ್ಮನ್ ತಣ್ಣನೆ ರಕ್ತದ ಪ್ರಾಣಿ, ಅದರ ಮೈಬಿಸಿಯೂ ಸುತ್ತಲಿನ ನೀರಿನದ್ದೇ. ಹಾಗಾಗಿ ಉಷ್ಣತೆ ನೋಡಿ ಮೀನಿನ ಒಳಗಿದ್ದೇನೋ ಹೊರಗಿದ್ದೇನೋ ಎಂದು ಬ್ಯಾಕ್ಟೀರಿಯಾಕ್ಕೆ ತಿಳಿಯಲಾರದು. ತಿಳಿಯುವುದು ಋತು. ನೀರು ತಣ್ಣಗಾಗಿದೆ, ಅಂದರೆ ಮೀನೂ ತಣ್ಣಗಾಗಿದೆ.

ಮೀನು ತಣ್ಣಗಾದರೆ ಏನಾಗುತ್ತದೆ? ಅರೇನಿಯಸ್ ಮೀನನ್ನೂ ಬಿಡುವುದಿಲ್ಲ. ಅದರ ಪ್ರತಿಕಾಯಗಳು ತಯಾರಾಗುವುದು, ರಕ್ಷಣಾ ಕೋಶಗಳು ಹೆಚ್ಚುವುದು, ಎಲ್ಲ ನಿಧಾನವಾಗುತ್ತದೆ. ಚಳಿಗಾಲದಲ್ಲಿ ರೋಗಾಣುವೂ ನಿಧಾನ, ಮೀನಿನ ರಕ್ಷಣೆಯೂ ನಿಧಾನ. ಆದರೆ ರೋಗಾಣು ತನ್ನ ಎಣ್ಣೆ, ಬೇರಿಂಗ್ ಎಲ್ಲ ಬದಲಾಯಿಸಿಕೊಂಡು ಬಂದಿದೆ. ಇಬ್ಬರೂ ಕೆಸರಿನಲ್ಲಿ ಓಡುತ್ತಿದ್ದಾರೆ. ಒಬ್ಬರ ಕಾಲಿಗೆ ಮಾತ್ರ ಕೆಸರಿಗೆ ತಕ್ಕ ಬೂಟು. ಹಾಗೆ ನೋಡಿದರೆ ರೋಗವೆನ್ನುವುದು ಎರಡು ವೇಗಗಳ ನಡುವಿನ ವ್ಯತ್ಯಾಸ. ಸೆಮಿನಾರಿನಲ್ಲಿ ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇದು. ಪ್ರಶ್ನೋತ್ತರದಲ್ಲಿ ಹಿಂದಿನ ಬೆಂಚಿನ ಗೆಳೆಯನೊಬ್ಬ ‘ಹಾಗಾದ್ರೆ ನೀರು ಬಿಸಿ ಮಾಡಿದ್ರಾಯ್ತಲ್ಲ’ ಎಂದ. ಎಲ್ಲರೂ ನಕ್ಕರು. ಕಡಲನ್ನು ಯಾರು ಕಾಯಿಸಬೇಕು ಎಂಬುದು ಒಂದು; ಬೇಸಿಗೆಯಲ್ಲಿ ನೀರು ತಾನಾಗಿಯೇ ಬೆಚ್ಚಗಾದಾಗ ವಿಬ್ರಿಯೊ ಆಂಗ್ವಿಲಾರಮ್ ಎಂಬ ಇನ್ನೊಂದು ದಾಯಾದಿ ಹಾಜರಾಗುತ್ತದೆ ಎಂಬುದು ಇನ್ನೊಂದು.

ಸಾಲ್ಮೊನಿಸಿಡಾದ ಬಗ್ಗೆ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅದರ ಹತ್ತಿರದ ಬಂಧು ಅಲಿವಿಬ್ರಿಯೊ ಫಿಶರಿ, ಹವಾಯಿಯ ಪುಟ್ಟ ಸ್ಕ್ವಿಡ್ ಒಂದರ ಹೊಟ್ಟೆಯಡಿ ವಾಸಿಸಿ ಬೆಳಕು ಬೀರುತ್ತದೆ. ಯಾರಿಗೂ ಕೇಡು ಮಾಡದ ಬಾಡಿಗೆದಾರ. ಸಾಲ್ಮೊನಿಸಿಡಾದಲ್ಲೂ ಆ ಬೆಳಕಿನ ಜೀನ್‌ಗಳಿವೆ, ಆದರೆ ಹೊಳಪು ಕಣ್ಣಿಗೆ ಕಾಣುವುದಿಲ್ಲ. 1999ರಲ್ಲಿ ಸಂಶೋಧಕರು ಅದಕ್ಕೆ ಹೊರಗಿನಿಂದ ಆಲ್ಡಿಹೈಡ್ ಕೊಟ್ಟಾಗ ಅದು ಬೆಳಗಿತು! ಬಲ್ಬು ಸರಿಯಿದೆ, ಕರೆಂಟಿಗೆ ಬೇಕಾದದ್ದು ಸಾಕಷ್ಟಿಲ್ಲ ಎಂಬ ಸ್ಥಿತಿ. 2008ರಲ್ಲಿ ಅದರ ಪೂರ್ತಿ ಜೀನೋಮ್ ಓದಿದಾಗ ಎರಡು ಕ್ರೋಮೋಸೋಮು, ನಾಲ್ಕು ಪ್ಲಾಸ್ಮಿಡ್‌ಗಳ ಜೊತೆ ಕಂಡದ್ದು ಮುರಿದ ಜೀನ್‌ಗಳ ರಾಶಿ. ಜಾಗದಿಂದ ಜಾಗಕ್ಕೆ ಜಿಗಿಯುವ ಡಿಎನ್‌ಎ ತುಂಡುಗಳು ಎಲ್ಲೆಲ್ಲೋ ಹೋಗಿ ಕೂತು ಅನೇಕ ಜೀನ್‌ಗಳನ್ನು ಕೆಡಿಸಿಟ್ಟಿವೆ. ದೊಡ್ಡ ಮನೆಯಲ್ಲಿ ಎರಡೇ ಕೋಣೆ ಬಳಸುತ್ತಾ ಉಳಿದವಕ್ಕೆ ಗೆದ್ದಲು ಹಿಡಿದ ಹಾಗೆ. ಚಳಿಯ ಕಡಲು, ಕೆಲವೇ ಬಗೆಯ ಮೀನು ಎಂಬ ಕಿರಿದಾದ ಬದುಕಿಗೆ ಒಗ್ಗಿಕೊಂಡ ಜೀವಿಯ ಗುರುತು ಇದು ಎಂದು ವಿಜ್ಞಾನಿಗಳು ಓದುತ್ತಾರೆ. ಒಂದರಲ್ಲಿ ಪಳಗಿದಂತೆ ಉಳಿದದ್ದು ಕೈಬಿಡುತ್ತದೆ. ಸ್ಪೆಶಲೈಸೇಶನ್ ಬಗ್ಗೆ ನಮ್ಮ ಕ್ಲಾಸಿನಲ್ಲಿ ನಡೆಯುವ ವಾದಗಳು ನೆನಪಾದವು.

500 ಡಿಗ್ರಿ-ದಿನ

ರೋಗದ ಮೂಲ ಬ್ಯಾಕ್ಟೀರಿಯಾ ಎಂದು ತಿಳಿಯುವುದಕ್ಕೂ ಔಷಧ ಸುರಿಯುವುದಕ್ಕೂ ಹೆಚ್ಚು ಅಂತರ ಇರಲಿಲ್ಲ. 1987ರಲ್ಲಿ ನಾರ್ವೆಯ ಮೀನು ಸಾಕಣೆಯಲ್ಲಿ ಬಳಸಿದ ಆ್ಯಂಟಿಬಯೋಟಿಕ್ ಸುಮಾರು 48 ಟನ್. ಆಗ ಅಲ್ಲಿ ಬೆಳೆಯುತ್ತಿದ್ದ ಸಾಲ್ಮನ್ ಐವತ್ತು ಸಾವಿರ ಟನ್ನಿನ ಆಸುಪಾಸು. ಲೆಕ್ಕ ಹಾಕಿ: ಒಂದು ಟನ್ ಮೀನಿಗೆ ಹೆಚ್ಚುಕಡಿಮೆ ಒಂದು ಕಿಲೋ ಔಷಧ. ಮೇವಿನ ಮೂಲಕ ಕೊಟ್ಟದ್ದರಲ್ಲಿ ಒಂದಷ್ಟು ತಿನ್ನದ ಮೇವಿನೊಡನೆ ನೇರ ಕಡಲಿಗೇ ಹೋಗುತ್ತದೆ. ಕಡಲಡಿಯ ಬ್ಯಾಕ್ಟೀರಿಯಾಗಳಿಗೆ ಅದು ಔಷಧ ನಿರೋಧ ಕಲಿಯುವ ಟ್ಯೂಷನ್ ಕ್ಲಾಸು.

ದಾರಿ ಬದಲಾದದ್ದು ಲಸಿಕೆಯಿಂದ. ಸಾಲ್ಮೊನಿಸಿಡಾವನ್ನು ಬೆಳೆಸಿ, ಕೊಂದು ತಯಾರಿಸಿದ ಲಸಿಕೆ 1980ರ ದಶಕದ ಕೊನೆಯಲ್ಲಿ ಬಳಕೆಗೆ ಬಂತು. ತಣ್ಣೀರಿನ ವಿಬ್ರಿಯೋಸಿಸ್ ಗಣನೀಯವಾಗಿ ಇಳಿಯಿತು. ನಡುವೆ ಫ್ಯುರಂಕ್ಯುಲೋಸಿಸ್ ಎಂಬ ಬೇರೆ ರೋಗ ಹಬ್ಬಿ ಔಷಧ ಬಳಕೆ ಮತ್ತೆ ಏರಿತ್ತು. 1990ರ ದಶಕದ ಆರಂಭದಲ್ಲಿ ಎಣ್ಣೆ ಬೆರೆಸಿದ, ಹಲವು ರೋಗಗಳಿಗೆ ಒಟ್ಟಿಗೆ ಕೊಡುವ ಲಸಿಕೆಗಳು ಬಂದ ಮೇಲೆ ಅದೂ ಕುಸಿಯಿತು. ಈಚಿನ ವರ್ಷಗಳಲ್ಲಿ ಇಡೀ ಉದ್ಯಮದ ಆ್ಯಂಟಿಬಯೋಟಿಕ್ ಬಳಕೆ ವರ್ಷಕ್ಕೆ ಒಂದು ಟನ್‌ಗೂ ಕಡಿಮೆ. ಉತ್ಪಾದನೆಯೋ ಇಪ್ಪತ್ತು ಪಟ್ಟು ಮೇಲೆ ಹೋಗಿದೆ.

ಲಸಿಕೆ ಹಾಕುವ ಬಗೆ ಕೇಳಿದರೆ ನಂಬುವುದಿಲ್ಲ. ಮರಿಗಳಿಗೆ ಅರಿವಳಿಕೆ ಕೊಟ್ಟು ಮಲಗಿಸಿ, ಒಂದೊಂದೇ ಮೀನಿನ ಹೊಟ್ಟೆಗೆ ಚುಚ್ಚುಮದ್ದು. ಸುಮಾರು ಎರಡು ಹನಿಯಷ್ಟು, 0.1 ಮಿಲಿಲೀಟರ್, ಹೊಸ ಲಸಿಕೆಗಳಲ್ಲಿ ಅದರ ಅರ್ಧ. ಹೀಗೆ ವರ್ಷಕ್ಕೆ ಕೋಟ್ಯಂತರ ಮೀನು. ಈಗ ಇದಕ್ಕೆಂದೇ ಯಂತ್ರಗಳಿವೆ; ಮೀನಿನ ಅಳತೆ ನೋಡಿ ಸೂಜಿಯ ಜಾಗ ಹೊಂದಿಸುತ್ತವೆ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಗೆಳೆಯರೇ, ಇದು ನಿಮ್ಮ ಕೆಲಸ.

ಆದರೆ ನನ್ನನ್ನು ಹಿಡಿದಿಟ್ಟದ್ದು ಲಸಿಕೆ ಹಾಕುವ ಸಮಯ. ಮೀನಿನ ಪ್ರತಿರಕ್ಷೆ ನೀರಿನ ಉಷ್ಣತೆಗೆ ತಕ್ಕಂತೆ ನಡೆಯುತ್ತದೆ ಅಂದೆವಲ್ಲ. ಹಾಗಾಗಿ ‘ಲಸಿಕೆ ಹಾಕಿ ಇಷ್ಟು ದಿನಕ್ಕೆ ರಕ್ಷಣೆ’ ಎಂದು ದಿನಗಳಲ್ಲಿ ಹೇಳಲಾಗದು. ಅಲ್ಲಿ ಎಣಿಸುವುದು ಡಿಗ್ರಿ-ದಿನ, ಅಂದರೆ ನೀರಿನ ಉಷ್ಣತೆಯನ್ನು ದಿನಗಳಿಂದ ಗುಣಿಸಿದ್ದು. ಸುಮಾರು 500 ಡಿಗ್ರಿ-ದಿನ ಬೇಕು ಎಂಬುದು ಸಾಮಾನ್ಯ ಲೆಕ್ಕ. ನೀರು ಹತ್ತು ಡಿಗ್ರಿಯಿದ್ದರೆ 50 ದಿನ. ಐದು ಡಿಗ್ರಿಯಿದ್ದರೆ 100 ದಿನ. ಚಳಿ ಬಂದ ಮೇಲೆ ಎಚ್ಚೆತ್ತು ಲಸಿಕೆ ಹಾಕಿದರೆ ಮೀನಿನ ಮೈ ತಯಾರಾಗುವಷ್ಟರಲ್ಲಿ ಚಳಿಗಾಲವೇ ಮುಗಿದಿರುತ್ತದೆ, ಬಹುಶಃ ಮೀನೂ. ಅದಕ್ಕೇ ಮರಿಗಳನ್ನು ಕಡಲಿಗೆ ಬಿಡುವ ಮೊದಲೇ, ಸಿಹಿನೀರಿನ ಬೆಚ್ಚನೆಯ ತೊಟ್ಟಿಯಲ್ಲಿರುವಾಗಲೇ ಚುಚ್ಚಿ ಮುಗಿಸುತ್ತಾರೆ. ರೋಗಾಣು ಚಳಿಗಾಗಿ ಕಾಯುತ್ತದೆ. ಇವರು ಚಳಿಗಿಂತ ಮೊದಲು ಕೆಲಸ ಮುಗಿಸುತ್ತಾರೆ.

ಎಲ್ಲ ಸುಖಾಂತ್ಯ ಎಂದು ಭಾವಿಸಬೇಡಿ. 2010ರ ನಂತರದ ಒಂದೆರಡು ವರ್ಷ ಲಸಿಕೆ ಹಾಕಿದ ಮೀನುಗಳಲ್ಲೂ ತಣ್ಣೀರಿನ ವಿಬ್ರಿಯೋಸಿಸ್ ಉತ್ತರ ನಾರ್ವೆಯಲ್ಲಿ ಮತ್ತೆ ತಲೆಯೆತ್ತಿತ್ತು. ಚಳಿಗಾಲದ ಹುಣ್ಣಿಗೂ ಲಸಿಕೆ ಇದೆ, ಆದರೂ ಹುಣ್ಣು ಹೋಗಿಲ್ಲ. ಹುಣ್ಣಾದ ಮೀನು ಸಾಯದಿದ್ದರೂ ಮಾರುಕಟ್ಟೆಯಲ್ಲಿ ಬೆಲೆ ಕಳೆದುಕೊಳ್ಳುತ್ತದೆ. ಬೆಲೆಯ ಕತೆ ಅಮ್ಮನಿಗೆ ಹೇಳಿದಾಗ ಅವಳಿಗೆ ಮೊದಲು ಅರ್ಥವಾದದ್ದೂ ಇದೇ.

ಅವಳಿಗೆ ಇನ್ನೊಂದು ವಿಷಯವನ್ನೂ ಹೇಳಿದೆ, ಅದು ಅವಳಿಗೆ ಖುಷಿ ಕೊಟ್ಟಿತು. ನಮ್ಮಂಥ ಬೆಚ್ಚಗಿನ ಕಡಲಿನ ಮೀನು ಐಸ್‌ನಲ್ಲಿ ತಣ್ಣೀರಿನ ಮೀನಿಗಿಂತ ಸಾಮಾನ್ಯವಾಗಿ ಹೆಚ್ಚು ದಿನ ಬಾಳುತ್ತದೆ. ಅದಕ್ಕೆ ಕೊಡುವ ಒಂದು ಕಾರಣ ನೀವೀಗ ಊಹಿಸಬಲ್ಲಿರಿ: ನಮ್ಮ ಮೀನಿನ ಮೈಮೇಲಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು 28, 30 ಡಿಗ್ರಿಯ ನೀರಿಗೆ ಒಗ್ಗಿದವು. ಐಸ್ ಬಿದ್ದೊಡನೆ ತೆಂಗಿನೆಣ್ಣೆಯ ಹಾಗೆ ಕೂತುಬಿಡುತ್ತವೆ. ಚಳಿ ಬಲ್ಲವು ಕೆಲವೇ ಕೆಲವು. ಅವು ಹೆಚ್ಚಿ ಮೀನು ಕೆಡಿಸಲು ದಿನಗಳು ಬೇಕು. ಆದರೆ ಪೆಟ್ಟಿಗೆ ತೊಳೆಯದೆ ಹಳೆಯ ನೀರಿನ ಮೇಲೇ ಹೊಸ ಐಸ್ ಸುರಿದರೆ ಆ ಕೆಲವರ ಸಂಸಾರವನ್ನು ನಾವೇ ಸಾಕಿ ಬೆಳೆಸಿದಂತೆ. ಅಮ್ಮ ‘ಅದಕ್ಕೇ ಅಲ್ದಾ ನಾನ್ ಚೆಲ್ಲುದ್’ ಎಂದಳು. ಅರೇನಿಯಸ್ ಅವಳಿಗೆ ಬೇಕಾಗಿರಲಿಲ್ಲ.

ನನಗೆ ಉಳಿದದ್ದು ವರದಿಯ ಕೆಲಸ. ‘ಅತ್ಯಂತ ಕಡಿಮೆ’ ಎಂಬ ಸಾಲು ಸಲ್ಲಿಕೆಯಾಗಿ, ಸಹಿ ಬಿದ್ದು, ಅಂಕವೂ ಬಂದಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ದಿನ ಮುಚ್ಚಿಕೊಂಡೂ ಇದ್ದೆ. ಮೂರನೇ ದಿನ ಮೇಡಂ ಹತ್ತಿರ ಹೋಗಿ, ಆ ಪುಟ ತಪ್ಪು, ಪ್ರಯೋಗ ಮತ್ತೆ ಮಾಡಬೇಕು ಎಂದೆ. ‘ಅಂಕ ಇನ್ನು ಬದಲಾಗಲ್ಲ’ ಎಂದರು. ಗೊತ್ತು ಎಂದೆ. ‘ಹತ್ತು ಡಿಗ್ರಿಗೆ ನಮ್ಮಲ್ಲಿ ಇನ್‌ಕ್ಯುಬೇಟರ್ ಇಲ್ಲ’ ಎಂದರು. ಅದೂ ಗೊತ್ತಿತ್ತು.

ಸಿವಿಲ್ ವಿಭಾಗದ ಪರಿಸರ ಲ್ಯಾಬಿನಲ್ಲಿ ಬಿಒಡಿ ಇನ್‌ಕ್ಯುಬೇಟರ್ ಇದೆ, ಕೊಳಚೆ ನೀರಿನ ಪರೀಕ್ಷೆಗೆ ಇಟ್ಟದ್ದು. ಅದನ್ನು ತಣ್ಣಗೂ ಮಾಡಬಹುದು. ಹೋದ ವಾರ ಹೊಸ ಪೆಟ್ಟಿಗೆ ನೀರು ತಂದು, ಒಂದೇ ನೀರನ್ನು ಮೂರು ಗುಂಪು ಪ್ಲೇಟುಗಳ ಮೇಲೆ ಹರಡಿ, ಮುಚ್ಚಳದ ಮೇಲೆ 37, 20, 10 ಎಂದು ಬರೆದೆ. ಹತ್ತರ ಗುಂಪನ್ನು ಹಿಡಿದು ಸಿವಿಲ್ ಬ್ಲಾಕಿಗೆ ಹೋದೆ. ಲ್ಯಾಬ್ ನೋಡಿಕೊಳ್ಳುವ ಅಣ್ಣ ಮೂಗು ಮುಚ್ಚಿಕೊಂಡು ಬಾಗಿಲು ತೆಗೆದರು.

‘ನಾಳೆ ತಗೊಂಡು ಹೋಗ್ತೀಯಲ್ಲ?’

‘ಇಲ್ಲ ಅಣ್ಣ, ಹತ್ತು ದಿನ ಬೇಕು.’